ಕತ್ತಲು ಬೇಕಾದ ಗಿಡ

“ನಾನು ಬೇಡ ಕಣೇ ರಮಾ. ನಾಲ್ಕು ಜನರ ಹೆಸರಾಯ್ತಲ್ಲ, ಐದನೆಯವಳಾಗಿ ನಿನ್ನ ನಾದಿನೀನೇ ಕೂರಿಸ್ಕೋ,” ಎಂದಳು ಪಂಕಜಾ. ಹೇಳಿ, ಖಾಲಿ ಕಾಫಿ ಲೋಟಗಳನ್ನು ತಟ್ಟೆಯಲ್ಲಿ ಸುಮ್ಮನೆ ಅತ್ತಿತ್ತ ಸರಿಸಿದಳು.

ರಮಾಮಣಿಯ ತೊಡೆಯ ಮೇಲೆ ಉದ್ದನೆಯ ನೋಟ್‌ಪುಸ್ತಕವಿತ್ತು. ಅವಳ ಮಗಳು ಮೈತ್ರೇಯಿಯ ಮದುವೆ ಮಾಘ ಮಾಸದಲ್ಲಿ. ಇನ್ನೂ ಎರಡು ತಿಂಗಳಿಗೂ ಹೆಚ್ಚು ಸಮಯವಿದ್ದರೂ ಯಾವ ಶಾಸ್ತ್ರಕ್ಕೆ ಯಾರು ಎಂದು ಅವಳು ಆಗಲೇ ಬರೆದುಕೊಂಡು ತಿರುಗುತ್ತಿದ್ದಳು. ಮದುವೆಯ ಹಿಂದಿನ ದಿನ ಅಂಕುರಾರ್ಪಣೆ. ಐದು ಮಣ್ಣಿನ ಪಾಲಿಕೆಗಳಲ್ಲಿ ಐವರು ಮುತ್ತೈದೆಯರು ನೆನೆಸಿದ ನವಧಾನ್ಯ ಬಿತ್ತಿ, ಮೇಲೆ ಹಾಲು ಚಿಮುಕಿಸಬೇಕು. ಬಿತ್ತಿದ್ದು ಹುಲುಸಾಗಿ ಮೊಳೆತರೆ ಹೊಸ ಸಂಸಾರವೂ ಹಾಗೇ ಎಂದು ನಂಬಿಕೆ. ಆ ಐವರಲ್ಲಿ ಪಂಕಜಾ ಒಬ್ಬಳು ಎಂಬುದು ಮೈತ್ರೇಯಿ ಫ್ರಾಕು ಹಾಕಿಕೊಂಡು ಓಡಾಡುತ್ತಿದ್ದಾಗಿನಿಂದ ಎರಡು ಮನೆಯವರೂ ಆಡಿಕೊಂಡು ಬಂದ ಮಾತು.

“ಯಾಕೇ?” ಎಂದಳು ರಮಾಮಣಿ.

ಪಂಕಜಾ ಕಿಟಕಿಯಾಚೆ ಕಣ್ಣಲ್ಲೇ ತೋರಿಸಿದಳು. ವರಾಂಡದ ಕಟ್ಟೆಯ ಮೇಲೆ ದೊಡ್ಡ ಕುಂಡದಲ್ಲಿ ಪಾಯಿನ್ಸೆಟಿಯ ಗಿಡ ಸೊಂಪಾಗಿ ನಿಂತಿತ್ತು. ನವೆಂಬರ್ ಮುಗಿಯುತ್ತ ಬಂದಿತ್ತು. ಮೇಲಿನ ಎಲೆಗಳಿಗೆ ಇಷ್ಟು ಹೊತ್ತಿಗೆ ಕೆಂಪು ಹತ್ತಬೇಕಿತ್ತು. ಹುಡುಕಿದರೂ ಒಂದು ಕೆಂಪು ಗೆರೆ ಇರಲಿಲ್ಲ.

“ಮೂರನೇ ವರ್ಷ ಇದು. ನನ್ನ ಕೈಲಿ ಯಾವುದೂ ಪೂರ್ತಿಯಾಗಲ್ಲ. ಮೈತ್ರಿ ಪಾಲಿಕೆಗೆ ಈ ಕೈ ಬೇಡ.”

ಬಿಡ್ತು ಅನ್ನು, ಇಂಥ ಮಾತಾಡ್ತೀಯಾ ಎಂದು ರಮಾ ಬೈಯುತ್ತಾಳೆ ಎಂದುಕೊಂಡಿದ್ದಳು ಪಂಕಜಾ. ಬೈಯಲಿ ಎಂದೇ ಆ ಮಾತು ಆಡಿದ್ದಳೋ ಏನೋ. ರಮಾಮಣಿ ಮೆಲ್ಲಗೆ ಅವಳ ಮಂಡಿ ತಟ್ಟಿದಳು.

“ಮನಸ್ಸಿಗೆ ಹಚ್ಕೋಬೇಡ ಕಣೇ. ಕೆಲವರ ಕೈಗುಣಾನೇ ಹಾಗೆ, ನೀನೇನ್ ಮಾಡಕ್ಕಾಗುತ್ತೆ? ಬೇಡ ಅನ್ಸಿದ್ರೆ ನಾನು ಬಲವಂತ ಮಾಡಲ್ಲ.”

ಪೆನ್ನು ಒಂದು ಕ್ಷಣವೂ ತಡೆಯದೆ ನಾದಿನಿಯ ಹೆಸರು ಬರೆಯಿತು.

ಆ ಗಿಡ ಬಂದದ್ದೂ ರಮಾಮಣಿಯಿಂದಲೇ. ಮೂರು ವರ್ಷದ ಹಿಂದೆ, ಪಂಕಜಾ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳುವ ಕೆಲಸದಿಂದ ನಿವೃತ್ತಳಾದಾಗ, ಎರಡು ಬೀದಿ ಆಚೆಯಿಂದ ರಮಾ ಒಂದು ಕಪ್ಪು ಪ್ಲಾಸ್ಟಿಕ್ ಕವರಿನಲ್ಲಿ ಗೇಣುದ್ದದ ಕಡ್ಡಿ ನೆಟ್ಟುಕೊಂಡು ಬಂದಿದ್ದಳು. “ಕ್ರಿಸ್‌ಮಸ್ ಹೊತ್ತಿಗೆ ತಲೆಯೆಲ್ಲ ಕುಂಕುಮ ಚೆಲ್ಲಿದ ಹಾಗಾಗುತ್ತೆ ನೋಡು. ಅದು ಹೂವಲ್ಲ, ಎಲೆಯೇ. ಹೂವು ಮಧ್ಯದಲ್ಲಿ ಸಾಸಿವೆ ಕಾಳಿನಷ್ಟು ಹಳದಿಯಾಗಿ ಇರುತ್ತೆ.” ತುಳಸಿಯೊಂದನ್ನು ಬಿಟ್ಟು ಬೇರೆ ಗಿಡ ಸಾಕಿ ಗೊತ್ತಿಲ್ಲದ ಪಂಕಜಾ ಶಾಲೆಯ ಮಕ್ಕಳಂತೆ ಪುಸ್ತಕ ಇಟ್ಟುಕೊಂಡು ಕಲಿತಳು. ಮೊದಲ ತಿಂಗಳು ಪ್ರೀತಿ ಹೆಚ್ಚಾಗಿ ದಿನಕ್ಕೆ ಎರಡು ಹೊತ್ತು ನೀರು ಸುರಿದಳು. ಎಲೆ ಹಳದಿಯಾಗಿ ಉದುರಿತು. ರಮಾ ಬಂದು ಕುಂಡದ ಕೆಳಗಿನ ತಟ್ಟೆ ತೆಗೆಸಿದಳು, ಮಣ್ಣಿಗೆ ಬೆರಳು ಚುಚ್ಚಿ ನೋಡಿ ಒಣಗಿದ್ದರೆ ಮಾತ್ರ ನೀರು ಎಂದು ಹೇಳಿಕೊಟ್ಟಳು. ಯುಗಾದಿ ಕಳೆದ ಮೇಲೆ ಮೊಳಕಾಲೆತ್ತರಕ್ಕೆ ಕತ್ತರಿಸುವುದು, ಮಳೆಗಾಲದಲ್ಲಿ ಕುಡಿ ಚಿವುಟುವುದು, ಚಿವುಟಿದಾಗ ಒಸರುವ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳುವುದು, ಬಿಳಿ ಹಿಟ್ಟಿನಂಥ ಹುಳುವಿಗೆ ಬೇವಿನೆಣ್ಣೆ. ಎಲ್ಲವನ್ನೂ ಹೇಳಿಕೊಟ್ಟವಳು ರಮಾಮಣಿಯೇ. ಕೇಳಿದಾಗಲೆಲ್ಲ, ಕೇಳದಿದ್ದಾಗಲೂ.

ಮೊದಲ ಡಿಸೆಂಬರಿನಲ್ಲಿ ಗಿಡ ಕೆಂಪಾಗಲಿಲ್ಲ. “ಬೇರು ಬಿಡೋದ್ರಲ್ಲೇ ಆಗೋಗುತ್ತೆ ಮೊದಲ ವರ್ಷ,” ಎಂದಳು ರಮಾ. ಎರಡನೆಯ ವರ್ಷ ಗಿಡ ಸೊಂಟದೆತ್ತರ ಬೆಳೆಯಿತು, ಹಸುರಾಗಿಯೇ ಉಳಿಯಿತು. “ಗೊಬ್ಬರ ಜಾಸ್ತಿಯಾಯ್ತೇನೋ.” ಅದೇ ವಾರ ರಮಾಮಣಿಯ ಹಿತ್ತಿಲಿನ ಗಿಡಗಳು ಧಗಧಗ ಎನ್ನುವಂತೆ ಕೆಂಪಾಗಿದ್ದವು. ವಿಜಯನಗರದ ಎರಡನೇ ಹಂತದ ಹೆಂಗಸರೆಲ್ಲ ಫೋನು ಹಿಡಿದು ಫೋಟೋ ತೆಗೆಯಲು ಬರುತ್ತಿದ್ದರು, ಕಡ್ಡಿ ಕೊಡಿ ರಮಾ ಎಂದು ಕೇಳುತ್ತಿದ್ದರು. ಒಂದು ಸಂಜೆ ಪಾರ್ಕಿನ ಬೆಂಚಿನಲ್ಲಿ ಯಾರೋ ಪಂಕಜಾಳ ಗಿಡದ ವಿಷಯ ಎತ್ತಿದಾಗ ರಮಾ ನಕ್ಕು, “ಎಲ್ಲಾ ಮಾಡ್ತಾಳೆ ಪಾಪ. ಆದ್ರೆ ಕೈಗುಣ ಅಂತ ಒಂದಿರುತ್ತಲ್ಲ,” ಎಂದಿದ್ದಳು.

ಬೇರೆ ಯಾರಾದರೂ ಹೇಳಿದ್ದರೆ ಪಂಕಜಾ ಅಲ್ಲಿಗೇ ಬಿಡುತ್ತಿದ್ದಳು. ಆದರೆ ಅವಳ ಹೊಟ್ಟೆಯಲ್ಲಿ ಎರಡು ಸಲ ನಿಂತದ್ದು ಎರಡು ಸಲವೂ ಉಳಿಯಲಿಲ್ಲ ಎಂಬುದು ರಮಾಮಣಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಎರಡನೆಯ ಸಲ ಐದು ತಿಂಗಳಾಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಹನ್ನೊಂದು ದಿನ ಕ್ಯಾರಿಯರಿನಲ್ಲಿ ಮೆಣಸಿನ ಸಾರು, ಬಿಸಿ ಅನ್ನ ಹೊತ್ತು ತಂದವಳು ರಮಾ. ತಲೆ ಬಾಚಿ ಜಡೆ ಹಾಕಿ, ಒಂದು ಮಾತೂ ಆಡದೆ ಪಕ್ಕದಲ್ಲಿ ಕೂತಿರುತ್ತಿದ್ದಳು. ಮೂವತ್ತು ವರ್ಷ ದಾಟಿದರೂ ಪಂಕಜಾ ಮೆಣಸಿನ ಸಾರಿನ ಒಗ್ಗರಣೆ ವಾಸನೆ ಬಂದರೆ ರಮಾಳನ್ನು ನೆನೆಯುತ್ತಿದ್ದಳು. ಅಂಥವಳೇ ಕೈಗುಣ ಎಂದ ಮೇಲೆ ಅದು ನಿಜವೇ ಇರಬೇಕು ಎನ್ನಿಸಿತ್ತು.

ರಮಾ ಪಟ್ಟಿ ಬರೆದುಕೊಂಡು ಹೋದ ನಾಲ್ಕನೆಯ ದಿನ ಶಿವನಂಜಮ್ಮ ಬಂದಳು. ಬಡಾವಣೆಯ ಪಾರ್ಕು ಗುಡಿಸಿ ಗಿಡ ನೋಡಿಕೊಳ್ಳುವ ಹೆಂಗಸು; ಉದುರಿದ ಎಲೆ ಕೊಳೆಸಿದ ಗೊಬ್ಬರವನ್ನು ತಿಂಗಳಿಗೊಮ್ಮೆ ಚೀಲದಲ್ಲಿ ತಂದು ಕೊಡುತ್ತಿದ್ದಳು. ಯಾವಾಗಲೂ ಮಧ್ಯಾಹ್ನ ಬರುವವಳು ಅಂದು ಪಾರ್ಕಿನಲ್ಲಿ ಹುಲ್ಲು ಕತ್ತರಿಸುವ ಕೆಲಸ ಬಿದ್ದು ಆರು ಗಂಟೆಗೆ ಬಂದಳು. ಚೀಲ ಇಳಿಸುತ್ತಿದ್ದಂತೆ ಟಕ್ಕೆಂದು ಸದ್ದಾಗಿ, ಗಿಡದ ನೆತ್ತಿಯ ಮೇಲಿನ ಟ್ಯೂಬ್‌ಲೈಟು ತಾನಾಗಿಯೇ ಹತ್ತಿಕೊಂಡಿತು.

“ಅಯ್ಯೋ, ಇದ್ಯಾಕವ್ವ ಇದ್ರ ನೆತ್ತಿ ಮ್ಯಾಲೆ ಲೈಟು?”

“ಎದುರು ಮನೆಯವರು ಮೂರು ಅಂತಸ್ತು ಎಬ್ಬಿಸಿದ್ರಲ್ಲ ಶಿವನಂಜಮ್ಮ, ಬಿಸಿಲೇ ಬೀಳಲ್ಲ. ಅದಕ್ಕೆ ನಮ್ಮನೆಯವರು ಹಾಕ್ಸಿದಾರೆ. ಬೆಳಗಾಗೋವರೆಗೂ ಉರಿಯುತ್ತೆ.”

ಪಂಕಜಾಳ ಗಂಡ ಲಕ್ಷ್ಮೀನರಸಿಂಹ ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರಾಗಿದ್ದವರು. ‘ಮೂವತ್ತೈದು ವರ್ಷ ಊರಿಗೆಲ್ಲ ಬೆಳಕು ಕೊಟ್ಟೋನು, ಒಂದು ಗಿಡಕ್ಕೆ ಕೊಡ್ಲಾರೆನಾ?’ ಎಂದು ಗಿಡ ಬಂದ ವರ್ಷವೇ ಏಣಿ ಹಾಕಿ ಹತ್ತಿದ್ದರು. ಸಂಜೆ ಆರಕ್ಕೆ ಹತ್ತಿ ಬೆಳಿಗ್ಗೆ ಆರಕ್ಕೆ ಆರುವಂತೆ ಟೈಮರ್ ಕೂಡಿಸಿದ್ದರು.

ಶಿವನಂಜಮ್ಮ ತಲೆಯಲ್ಲಾಡಿಸಿದಳು. “ಇನ್ನೂ ಕೇಳ್ನಿಲ್ವಾ ನೀವು? ಈ ಗಿಡುಕ್ಕೆ ಕತ್ಲು ಬೇಕು ಕಣವ್ವ. ಚಳಿಗಾಲ್ದಾಗೆ ಹೊತ್ತು ಮುಳುಗ್ದೇಟ್ಗೆ ಕತ್ಲಾಗಿ, ಬೆಳಗಾಗೋಗಂಟ ಕತ್ಲೇ ಇದ್ರೆ ತಾನೇ ಕೆಂಪಾಗದು. ಇಂಗೆ ಲೈಟ್ ಉರುಸ್ಬುಟ್ರೆ ಎಂಗಾದಾತು?”

“ನೀವು ಯಾವತ್ತೂ ಹೇಳಲೇ ಇಲ್ವಲ್ಲ ನನಗೆ!”

“ನಾನೆಲ್ಲಿ ಸಂಜೆ ಬಂದಿದ್ದೆ ಇತ್ಲಾಗೆ? ರಮಾಮಣಿ ಅಮ್ಮೋರಿಗೆ ಯೋಳಿದ್ನಲ್ಲ, ಮೂರು ವರ್ಸ ಆಯ್ತು. ಅವ್ರ ಗಿಡನೂ ಹಿತ್ಲು ಬಲ್ಬಿನ ಕೆಳಗೇ ಇತ್ತು. ನಾನೇ ಎತ್ತಿ ಸಂಪಿನ ಪಕ್ಕ ಕತ್ಲಲ್ಲಿ ಮಡಗ್ದೆ. ‘ಪಂಕಜನ ಮನೇಲೂ ಲೈಟು ಉರೀತದೆ, ಅವ್ಳಿಗೂ ಯೋಳ್ತೀನಿ’ ಅಂದ್ರು. ಹೋದ್ ವರ್ಸ ಕೇಳ್ದೆ, ಯೋಳಿದ್ರಾ ಅಂತವ. ‘ಯೋಳ್ದೆ ಕಣೆ, ಅವ್ಳು ಓದ್ದೋಳು, ನಿನ್ ಮಾತು ಕೇಳ್ತಾಳಾ’ ಅಂದ್ರು. ಸರಿ, ನನಗ್ಯಾಕೆ ಅಂತ ಸುಮ್ನಾದೆ.”

ಹೇಳುತ್ತ ಹೇಳುತ್ತಲೇ ಅವಳು ಪಂಕಜಾಳ ಮುಖ ನೋಡಿದಳು. ಸೆರಗಿನ ತುದಿಯಿಂದ ಗಿಡದ ಎಲೆಯೊಂದರ ಧೂಳು ಒರೆಸಿದಳು, ಇನ್ನೊಂದರದ್ದು ಒರೆಸಿದಳು.

“ಮರ್ತಿರ್ತಾರೆ ಬುಡಿ,” ಎಂದಳು ಕೊನೆಗೆ. “ಮದ್ವೆ ಮನೆ ಕೆಲ್ಸ. ನೂರೆಂಟು ಇರ್ತವೆ.”

ಮೂರು ವರ್ಷದ ಹಿಂದೆ ಮದುವೆಯ ಮಾತೇ ಇರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ಪಂಕಜಾ ಒಳಗೆ ಹೋಗಿ ಕಾಫಿ ಬೆರೆಸಿದಳು. ಕಾಫಿ ಕುಡಿದರೆ ಹೊಟ್ಟೆ ಉರಿ ಎನ್ನುವ ಶಿವನಂಜಮ್ಮ ಅಂದು ಬೇಡ ಎನ್ನಲಿಲ್ಲ. ಲೋಟ ಮುಗಿಯುವವರೆಗೂ ಮೆಟ್ಟಿಲ ಮೇಲೆ ಕೂತಿದ್ದು, ಲೋಟ ತೊಳೆದಿಟ್ಟು ಹೋದಳು.

ಲಕ್ಷ್ಮೀನರಸಿಂಹರಿಗೆ ಹೇಳಿದಾಗ ಅವರು ಮೊದಲು ನಂಬಲಿಲ್ಲ. ಆಮೇಲೆ ಏಣಿ ತಂದರು. “ಅಂದ್ರೆ ಮೂರು ವರ್ಷ ಅದನ್ನ ನಿದ್ದೆಗೆಡಿಸಿದೋನು ನಾನೇನಾ?” ಎಂದು ಟೈಮರ್ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಮಾರನೆಯ ದಿನದಿಂದ ನಡುಮನೆಯ ಬೆಳಕು ವರಾಂಡಕ್ಕೆ ಬೀಳದಂತೆ ಪರದೆ ಎಳೆದು, ಟಿ.ವಿ. ಬಿಟ್ಟು, ಸಂಜೆಯ ಪತ್ರಿಕೆಯನ್ನು ಮಲಗುವ ಕೋಣೆಗೆ ಒಯ್ದು ಓದತೊಡಗಿದರು. ಒಂದು ಸಲ ಕತ್ತಲಲ್ಲಿ ಚಪ್ಪಲಿ ಹುಡುಕುತ್ತ ಕಟ್ಟೆಗೆ ಮಂಡಿ ತಗುಲಿಸಿಕೊಂಡರು. ಆಗಲೂ ಸ್ವಿಚ್ಚು ಮುಟ್ಟಲಿಲ್ಲ.

ಐದಾರು ದಿನ ಕಳೆದಿರಬೇಕು. ಸಂಜೆಯ ವಾಕಿಂಗಿಗೆ ಹೊರಟ ರಮಾಮಣಿ ಎಂದಿನಂತೆ ಗೇಟಿನ ಹತ್ತಿರ ನಿಂತಳು. ಪಂಕಜಾ ಕತ್ತಲಲ್ಲಿ ಮೆಟ್ಟಿಲ ಮೇಲೆ ಕೂತಿದ್ದಳು.

“ಇದೇನೇ, ಕರೆಂಟ್ ಇಲ್ವಾ ನಿಮ್ಮನೇಲಿ? ಬೀದೀಲೆಲ್ಲ ಇದೆಯಲ್ಲ.”

“ಇದೆ.”

“ಮತ್ತೆ? ಟ್ಯೂಬ್ ಹೋಯ್ತಾ? ಎಂಜಿನಿಯರ್ ಸಾಹೇಬ್ರ ಮನೇಲೇ ಹೀಗಾದ್ರೆ ಹೇಗಪ್ಪಾ!”

“ಹೋಗಿಲ್ಲ. ಆರಿಸಿದೀನಿ.”

ರಮಾಮಣಿಯ ಕೈ ಗೇಟಿನ ಚಿಲಕದ ಮೇಲಿತ್ತು. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಚಿಲಕ ತೆಗೆಯಲಿಲ್ಲ.

“ಶಿವನಂಜಮ್ಮ ಬಂದಿದ್ಲಾ?” ಎಂದಳು.

ಅಲ್ಲಿಯವರೆಗೂ ಪಂಕಜಾಳ ಮನಸ್ಸು ಒಂದು ಎಳೆ ಹಿಡಿದುಕೊಂಡಿತ್ತು. ನಿಜವಾಗಿಯೂ ಮರೆತಿರಬಹುದು, ಶಿವನಂಜಮ್ಮ ಒಂದಕ್ಕೊಂದು ಸೇರಿಸಿ ಹೇಳಿರಬಹುದು. ಆ ಒಂದು ಪ್ರಶ್ನೆಗೆ ಎಳೆ ಕಡಿದುಬಿತ್ತು.

“ದಿನಾ ಸಂಜೆ ನೀನು ಇದೇ ಗೇಟಿನ ಮುಂದೆ ಹೋಗ್ತಿದ್ದೆ,” ಎಂದಳು ಪಂಕಜಾ. ದನಿ ಏರಲಿಲ್ಲ. “ದಿನಾ ಆ ಲೈಟ್ ನೋಡ್ತಿದ್ದೆ. ಮೂರು ವರ್ಷ.”

“ಒಂದು ಗಿಡ ಕಣೇ ಪಂಕೂ. ಒಂದು ಗಿಡಕ್ಕೆ ಇಷ್ಟೊಂದು...”

“ಗಿಡದ ಮಾತಲ್ಲ. ಕೈಗುಣ ಅಂದ್ಯಲ್ಲ.”

ರಮಾಮಣಿ ಗೇಟಿನ ಆಚೆಯೇ ನಿಂತಿದ್ದಳು. ಆಮೇಲೆ ಬಂದ ದನಿ ಪಂಕಜಾಳಿಗೆ ಗುರುತು ಹತ್ತದಂತಿತ್ತು. “ನಿನಗೇನು ಗೊತ್ತಾಗುತ್ತೆ? ನೀನು ಎಂ.ಎ. ಓದಿದೆ, ಕೆಲಸಕ್ಕೆ ಹೋದೆ. ಬೀದೀಲಿ ಹೋಗೋ ಹುಡುಗ್ರೆಲ್ಲ ಗಾಡಿ ನಿಲ್ಲಿಸಿ ‘ನಮಸ್ಕಾರ ಮೇಡಂ’ ಅಂತಾರೆ ನಿನಗೆ. ಪಕ್ಕದಲ್ಲಿ ನಾನಿದೀನಿ ಅಂತ ಒಬ್ಬರೂ ನೋಡಲ್ಲ. ಜನ ನನ್ನ ಹುಡುಕ್ಕೊಂಡು ಬಂದಿದ್ದು ಆ ಗಿಡಕ್ಕೆ ಕಣೇ. ಅದೊಂದಕ್ಕೆ. ಮೊದಲನೇ ವರ್ಷ ಹೇಳೋಣ ಅಂತಲೇ ಇದ್ದೆ. ಇವತ್ತು, ನಾಳೆ... ಆಮೇಲೆ ಹೇಳಕ್ಕೇ ಆಗ್ಲಿಲ್ಲ.”

“ಹೋಗ್ಲಿ. ಮೊನ್ನೆ? ಪಾಲಿಕೆಗೆ ನನ್ನ ಕೈ ಬೇಡ ಅಂದೆನಲ್ಲ, ಆಗ?”

“ಚಳಿ ಶುರುವಾಯ್ತು, ಒಳಗೆ ಹೋಗು,” ಎಂದು ರಮಾಮಣಿ ಗೇಟಿನಿಂದ ಕೈ ತೆಗೆದಳು. ಅವಳ ಚಪ್ಪಲಿಯ ಸದ್ದು ಪಾರ್ಕಿನ ಕಡೆಗಲ್ಲ, ಮನೆಯ ಕಡೆಗೆ ತಿರುಗಿ ಹೋಯಿತು.

ಸಂಕ್ರಾಂತಿಯ ಹಿಂದಿನ ವಾರ ಮೇಲಿನ ನಾಲ್ಕು ಎಲೆಗಳ ಬುಡದಲ್ಲಿ ನಸುಗೆಂಪು ಕಾಣಿಸಿತು. ದಿನ ದಿನಕ್ಕೆ ಅದು ನರಗಳುದ್ದಕ್ಕೂ ಹರಿದು, ಹಬ್ಬದ ಬೆಳಿಗ್ಗೆ ಗಿಡದ ತಲೆಯೆಲ್ಲ ಕೆಂಪಾಗಿತ್ತು. ಲಕ್ಷ್ಮೀನರಸಿಂಹರು ಸ್ನಾನದ ಪಂಚೆಯಲ್ಲೇ ಬಂದು ನಿಂತು, “ಬಂತಲ್ಲೇ!” ಎಂದು ಕೂಗಿದರು. ಶಿವನಂಜಮ್ಮ ಕೆಲಸ ಬಿಟ್ಟು ಬಂದು ನೋಡಿ ಹೋದಳು. ಪಂಕಜಾಳಿಗೆ ಸಂತೋಷ ಬರಲಿಲ್ಲ. ಎಷ್ಟು ಸುಲಭವಾಗಿತ್ತು ಎಂಬುದೇ ಅವಳಿಗೆ ಮತ್ತೆ ಮತ್ತೆ ಕಾಣುತ್ತಿತ್ತು. ಒಂದು ಸ್ವಿಚ್ಚು. ಗೇಟಿನಾಚೆ ನಿಂತು ಹೇಳಬಹುದಾಗಿದ್ದ ಒಂದು ಮಾತು.

ಎಳ್ಳು ಬೀರಲು ಆ ವರ್ಷ ರಮಾಮಣಿ ಬರಲಿಲ್ಲ, ಮೈತ್ರೇಯಿ ಬಂದಳು. ಎಳ್ಳುಬೆಲ್ಲದ ಡಬ್ಬಿ ಕೊಟ್ಟು ಗಿಡದ ಮುಂದೆ ಮಂಡಿಯೂರಿದಳು.

“ಅಬ್ಬಾ, ಪಂಕಜತ್ತೆ! ನಿಮ್ಮ ಕೈಲಿ ಇದು ಆಗೋದೇ ಇಲ್ಲ ಅಂತಿದ್ಲು ಅಮ್ಮ.” ಆಮೇಲೆ ತಿರುಗಿ, “ಅಂಕುರಾರ್ಪಣೆ ಲಿಸ್ಟಲ್ಲಿ ನಿಮ್ಮ ಹೆಸರೇ ಇಲ್ವಲ್ಲ, ಯಾಕೆ? ಅಮ್ಮನ್ನ ಕೇಳಿದ್ರೆ ಸಿಡುಕ್ತಾಳೆ.”

ಹೇಳುವುದಿದ್ದರೆ ಅದೇ ಗಳಿಗೆ. ಹುಡುಗಿಯ ಕೈಗೆ ಆಗಲೇ ಹಸಿರು ಬಳೆ ಬಂದಿದ್ದವು. ಇನ್ನು ಇಪ್ಪತ್ತು ದಿನಕ್ಕೆ ತಾಯಿಯ ಮನೆ ಬಿಟ್ಟು ಹೋಗುವವಳು.

“ನಾನೇ ಬೇಡ ಅಂದಿದ್ದೆ ಕಣಮ್ಮ.”

“ನೀವು ಬೇಡ ಅಂದ್ರೆ ಆಗೋಯ್ತಾ? ಐದನೇ ಪಾಲಿಕೆಗೆ ನೀವು ಕೂತ್ಕೊಳ್ದಿದ್ರೆ ನಾನು ಹಸೆಮಣೆಯಿಂದ ಎದ್ದು ಬಂದ್ಬುಡ್ತೀನಿ, ನೋಡ್ತಿರಿ,” ಎಂದು ನಕ್ಕಳು ಮೈತ್ರೇಯಿ. ಹೋಗುವಾಗ ಗೇಟಿನಿಂದ ಮತ್ತೆ ಕೂಗಿ ಹೇಳಿದಳು: “ಬರ್ಬೇಕು, ಅಷ್ಟೇ!”

ಕಲ್ಯಾಣ ಮಂಟಪದಲ್ಲಿ ಆ ಮಧ್ಯಾಹ್ನ ಇನ್ನೂ ಹೆಚ್ಚು ಜನ ಸೇರಿರಲಿಲ್ಲ. ಹತ್ತಿರದ ನೆಂಟರು ಜಮಖಾನದ ಮೇಲೆ ಕೂತಿದ್ದರು. ಪುರೋಹಿತರು ಕರಿಮಣ್ಣು ತುಂಬಿದ ಐದು ಪಾಲಿಕೆಗಳನ್ನು ಸಾಲಾಗಿ ಜೋಡಿಸಿ, ಹಿತ್ತಾಳೆ ತಟ್ಟೆಯಲ್ಲಿ ನೆನೆದ ಧಾನ್ಯ ಇಟ್ಟುಕೊಂಡಿದ್ದರು. ಪಂಕಜಾ ಬಂದದ್ದು ಮೈತ್ರೇಯಿಗಾಗಿ. ಆದರೆ ಇನ್ನೊಂದು ಆಸೆಯೂ ಇತ್ತು. ಅದನ್ನು ಅವಳು ತನಗೇ ಹೇಳಿಕೊಂಡಿರಲಿಲ್ಲ. ರಮಾ ಏನಾದರೂ ಒಂದು ಮಾತು ಆಡಬಹುದು. ನಾಲ್ಕು ಜನರ ಎದುರು ಕಳೆದದ್ದನ್ನು ನಾಲ್ಕು ಜನರ ಎದುರು ಹಿಂದಿರುಗಿಸಬಹುದು.

ನಾದಿನಿಯನ್ನು ಮೈತ್ರೇಯಿಯೇ ಒಪ್ಪಿಸಿ ಬೇರೆ ಶಾಸ್ತ್ರಕ್ಕೆ ಕಳಿಸಿದ್ದಳು. ಪಂಕಜಾ ಐದನೆಯ ಪಾಲಿಕೆಯ ಮುಂದೆ ಕೂತಳು. ಬಲಗಡೆಯಲ್ಲಿ ಕುರ್ಚಿಯ ಮೇಲೆ ರಮಾಮಣಿಯ ಸೋದರತ್ತೆ ಭಾಗ್ಯಮ್ಮ ಇದ್ದರು. ಕಿವಿ ಮಂದವಾದ್ದರಿಂದ ಅವರ ಗುಟ್ಟೂ ಸಭೆಗೆಲ್ಲ ಕೇಳುತ್ತಿತ್ತು.

“ಯಾರೇ ಅದು ಕೊನೇಲಿ? ರಮಾ, ಕೈಲಿ ಗಿಡವೇ ಏಳಲ್ಲ ಅಂದಿದ್ಯಲ್ಲ, ಆ ಟೀಚರಮ್ಮನಾ? ಮಗೂ ಪಾಲಿಕೆಗೆ ಅವರನ್ಯಾಕೆ ಕೂರಿಸ್ದೆ?”

ಎಲ್ಲರ ಕಣ್ಣೂ ಮೊದಲು ಪಂಕಜಾಳ ಕಡೆ ಹೋಯಿತು, ಆಮೇಲೆ ರಮಾಮಣಿಯ ಕಡೆ. ರಮಾಮಣಿ ಹಾಲಿನ ಬೆಳ್ಳಿ ಬಟ್ಟಲು ಹಿಡಿದು ಮೂರು ಮಾರು ದೂರದಲ್ಲಿ ನಿಂತಿದ್ದಳು. ಪಂಕಜಾ ತಲೆಯೆತ್ತಿ ಅವಳನ್ನೇ ನೋಡಿದಳು. ರಮಾಮಣಿಯ ತುಟಿ ಅಲುಗಿತು.

“ಪುರೋಹಿತರೇ,” ಎಂದಳು ಬಟ್ಟಲಿನೊಳಗೆ ನೋಡುತ್ತ, “ಹಾಲು ಇಷ್ಟು ಸಾಕಾಗುತ್ತಾ?”

“ಸಾಕು, ಸಾಕು,” ಎಂದರು ಪುರೋಹಿತರು. ಅವರಿಗೆ ಭಾಗ್ಯಮ್ಮನ ಮಾತು ಕೇಳಿಸಿತೋ ಇಲ್ಲವೋ. ಮೊದಲ ಪಾಲಿಕೆಯಿಂದ ಆರಂಭಿಸಬೇಕಾದವರು ತಟ್ಟೆಯನ್ನು ನೇರ ಐದನೆಯದರ ಮುಂದೆ ತಂದು ಹಿಡಿದರು. “ಕೈ ಒಡ್ಡಿ ತಾಯಿ. ನಿಮ್ಮಿಂದಲೇ ಆಗಲಿ.”

ರಮಾಮಣಿ ಬಟ್ಟಲನ್ನು ಜಮಖಾನದ ಅಂಚಿನಲ್ಲಿಟ್ಟು, ಅಡಿಗೆಯವರನ್ನು ವಿಚಾರಿಸಬೇಕು ಎಂದು ಯಾರಿಗೋ ಹೇಳಿ ಒಳಗೆ ಹೋದಳು.

ಪಂಕಜಾ ಅಂಗೈ ಚಾಚಿದಳು. ಒದ್ದೆ ಧಾನ್ಯ ತಣ್ಣಗಿತ್ತು. ಅದನ್ನು ಪಾಲಿಕೆಯ ಮೇಲೆ ಉದುರಿಸಿದಳು. ಒಂದು ಹೆಸರುಕಾಳು ಪಾಲಿಕೆಯ ಅಂಚಿಗೆ ತಗುಲಿ ಜಮಖಾನದ ಮೇಲೆ ಉರುಳಿತು. ಹಸೆಮಣೆಯ ಮೇಲಿದ್ದ ಮೈತ್ರೇಯಿ ಮುಂದಕ್ಕೆ ಬಾಗಿ, ಗೋರಂಟಿ ಹಚ್ಚಿದ ಬೆರಳುಗಳಿಂದ ಅದನ್ನು ಹೆಕ್ಕಿ ಪಂಕಜಾಳ ಅಂಗೈಯಲ್ಲಿಟ್ಟಳು. ಬಟ್ಟಲನ್ನೂ ಹತ್ತಿರಕ್ಕೆ ಸರಿಸಿದಳು.

ಪಂಕಜಾ ಕಾಳನ್ನು ತೋರುಬೆರಳಿನಿಂದ ಒತ್ತಿ, ಮೇಲೆ ಮಣ್ಣು ಎಳೆದು ಮುಚ್ಚಿದಳು. ಚಿಮುಕಿಸಿದ ಹಾಲು ಕರಿಮಣ್ಣಿನ ಮೇಲೆ ಬೆಳ್ಳಗೆ ಒಂದು ಗಳಿಗೆ ನಿಂತು, ಆಮೇಲೆ ಮೆಲ್ಲಗೆ ಒಳಗಿಳಿಯಿತು.